ನಿನ್ನ ಹೆಸರು ಎಲ್ಲದ?

ಹೋದ ಯುಗಾದಿಗೆ ಒಬ್ಬ ಕ್ಲೈಂಟಿಗೆ ಹಬ್ಬದ ಶುಭಾಶಯದ ಚಿತ್ರ ಮಾಡಿಕೊಟ್ಟಿದ್ದೆ. ಕಮಾನಿನ ಕೆಳಗೆ ಕೂತ ರಾಜ, ಪಕ್ಕದಲ್ಲಿ ಚಾಮರ ಹಿಡಿದವಳು, ಸುತ್ತಲೂ ಬಂಗಾರದ ಬಣ್ಣದ ಅಂಚು. ಚೆನ್ನಾಗಿ ಬಂದಿತ್ತು. ಖುಷಿಗೆ ಮನೆಯವರ ವಾಟ್ಸಾಪ್ ಗುಂಪಿಗೂ ಹಾಕಿದೆ. ಅತ್ತಿಗೆಯರು ಹೂವು, ಹೃದಯ ಎಲ್ಲ ಕಳಿಸಿದರು. ಕೊಂಕಲ್‌ನಿಂದ ಕಾಕಾ ಮಾತ್ರ ನೇರ ಫೋನ್ ಮಾಡಿದರು.

"ಬಣ್ಣ ಛಲೋ ಬಂದಾವ. ನಿನ್ನ ಹೆಸರು ಎಲ್ಲದ?"

"ಹಂಗೆಲ್ಲಾ ಹಾಕಂಗಿಲ್ಲ ಕಾಕಾ. ಅದು ಕಂಪನಿದು."

"ಕಂಪನಿ ಬ್ರಶ್ ಹಿಡೀತದೇನೋ ತಮ್ಮಾ?"

ನಾನು ನಕ್ಕು ಮಾತು ತೇಲಿಸಿಬಿಟ್ಟೆ. ಕಾಕಾ ನಗಲಿಲ್ಲ.

ಕಾಕಾ ಬೋರ್ಡ್ ಬರೆಯುತ್ತಿದ್ದವರು. ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ಟ್ರ್ಯಾಕ್ಟರ್ ಟ್ರಾಲಿ, ಶಾಲೆಯ ಗೋಡೆಯ ಮೇಲಿನ ಭಾರತದ ನಕಾಶೆ, ಜಯಂತಿಗೆ ಬಸವಣ್ಣ, ಅಂಬೇಡ್ಕರ್. ಕೊಂಕಲ್‌ನಿಂದ ಶಹಾಪುರದವರೆಗೆ ಅವರ ಅಕ್ಷರ ಗುರುತು ಹಿಡಿಯುತ್ತಿದ್ದ ಜನ ಇದ್ದರು. ಯಾವ ಬೋರ್ಡ್ ಬರೆದರೂ ಕೆಳಗಿನ ಬಲಮೂಲೆಯಲ್ಲಿ ಸಣ್ಣಗೆ ಹೆಸರು ಹಾಕುತ್ತಿದ್ದರು, ಅದರ ಮುಂದೆ 'ಆರ್ಟ್ಸ್' ಅಂತ. ಫೋನ್ ಬಂದ ಮೇಲೆ ನಂಬರನ್ನೂ ಸೇರಿಸಿದರು. ಮಾಲೀಕ ರೊಕ್ಕ ಕೊಡುವಾಗ ಎಷ್ಟು ಬೇಕಾದರೂ ಜಗ್ಗಾಡಲಿ, ಹೆಸರಿನ ವಿಷಯಕ್ಕೆ ಯಾರೂ ತಕರಾರು ತೆಗೆಯುತ್ತಿರಲಿಲ್ಲ. ಆಮೇಲೆ ಫ್ಲೆಕ್ಸ್ ಬಂತು. ಎರಡು ದಿನದ ಕೆಲಸ ಎರಡು ತಾಸಿಗೆ ಇಳಿಯಿತು. ಕಾಕಾ ಹೊಲಕ್ಕೆ ವಾಪಸ್ ಹೋದರು.

ಅದೇ ವಾರ, ಯಾರೋ ಹೇಳಿದರು ಅಂತ, 'ಚೈನಾಸ್ ವ್ಯಾನ್ ಗೋಸ್' ಎನ್ನುವ ಸಾಕ್ಷ್ಯಚಿತ್ರ ನೋಡಿದೆ. 2016ರದ್ದು. ಯು ಹೈಬೊ ಮತ್ತು ಅವರ ಮಗಳು ಕಿಕಿ ತಿಯಾನ್‌ಚಿ ಯು ಸೇರಿ ಮಾಡಿದ್ದು. ಡಿಸೈನ್, ಎಡಿಟಿಂಗ್, ಕಂಟೆಂಟ್ ಅಂತ ಯಾವುದೇ ಹೆಸರಿನಲ್ಲಿ ದುಡಿಯುವವರು ಇದನ್ನು ನೋಡಲೇಬೇಕು. ನೋಡಿ ಅದರ ಜೊತೆ ಜಗಳವನ್ನೂ ಆಡಬೇಕು. ನನ್ನ ಜಗಳ ಇಲ್ಲಿದೆ.

ಚೀನಾದ ಶೆಂಜೆನ್ ನಗರದಲ್ಲಿ ದಾಫೆನ್ ಅಂತ ಒಂದು ಹಳ್ಳಿ. ಈಗ ನಗರವೇ ಅದನ್ನು ನುಂಗಿದೆ. 1989ರಲ್ಲಿ ಹುವಾಂಗ್ ಜಿಯಾಂಗ್ ಎಂಬ ಹಾಂಕಾಂಗ್ ವ್ಯಾಪಾರಿ ಒಂದಿಷ್ಟು ಜನ ಚಿತ್ರಗಾರರನ್ನು ಕಟ್ಟಿಕೊಂಡು ಇಲ್ಲಿಗೆ ಬಂದ. ಬಾಡಿಗೆ ಕಡಿಮೆ, ಕೂಲಿ ಕಡಿಮೆ. ವಿದೇಶದ ಅಂಗಡಿಗಳಿಂದ ಆರ್ಡರ್ ಹಿಡಿದು ಪ್ರಸಿದ್ಧ ಚಿತ್ರಗಳ ನಕಲು ಮಾಡಿಸಿ ಕಳಿಸುವ ದಂಧೆ. ಮುಂದೆ ಅಲ್ಲಿ ಸಾವಿರಾರು ಜನ ಚಿತ್ರಗಾರರಾದರು. 2004ರಲ್ಲಿ ಚೀನಾ ಸರ್ಕಾರ ಆ ಹಳ್ಳಿಯನ್ನು ಸಾಂಸ್ಕೃತಿಕ ಉದ್ಯಮದ ಮಾದರಿ ಕೇಂದ್ರ ಎಂದು ಘೋಷಿಸಿತು.

ಚಿತ್ರದ ನಾಯಕ ಝಾವೊ ಶಿಯಾವೊಯೊಂಗ್. ಹುನಾನ್ ಪ್ರಾಂತ್ಯದಿಂದ ದುಡಿಯಲು ಬಂದ ರೈತನ ಮಗ. ಬಡತನಕ್ಕೆ ಶಾಲೆ ಬಿಟ್ಟವನು. ಇಪ್ಪತ್ತು ವರ್ಷದಲ್ಲಿ ಅವನೂ ಅವನ ಮನೆಯವರೂ ಸೇರಿ ಬರೆದ ವ್ಯಾನ್ ಗೋ ನಕಲುಗಳು ಸುಮಾರು ಒಂದು ಲಕ್ಷ. ಸೂರ್ಯಕಾಂತಿ, ತಾರೆಗಳ ರಾತ್ರಿ, ಕೆಫೆಯ ಅಂಗಳ, ಮತ್ತೆ ಸೂರ್ಯಕಾಂತಿ. ಸೆಕೆಗೆ ಅಂಗಿ ಬಿಚ್ಚಿ ಕೂತು ಬರೆಯುತ್ತಾರೆ. ಅಲ್ಲೇ ಊಟ, ಅಲ್ಲೇ ನಿದ್ದೆ, ತಲೆಯ ಮೇಲೆ ಹಗ್ಗಕ್ಕೆ ಒಣಗಲು ಹಾಕಿದ ಕ್ಯಾನ್ವಾಸು. ಬೆಂಗಳೂರಲ್ಲಿ ನಮಗೆ ಏಸಿ ಇದೆ, ಬೀನ್ ಬ್ಯಾಗ್ ಇದೆ, ಆದರೂ ಶುಕ್ರವಾರ ಸಂಜೆ ಆರಕ್ಕೆ 'ಸೋಮವಾರ ಬೆಳಗ್ಗೆ ಬೇಕು' ಅಂತ ಮೆಸೇಜ್ ಬಂದಾಗ ಆಗುವ ಸಂಕಟ ಅವನ ಮುಖದಲ್ಲೂ ಕಂಡಿತು.

ಚಿತ್ರದ ಜೀವ ಇರುವುದು ಆಮ್‌ಸ್ಟರ್‌ಡ್ಯಾಮ್ ದೃಶ್ಯದಲ್ಲಿ. ಝಾವೊಗೆ ಒಂದೇ ಆಸೆ, ವ್ಯಾನ್ ಗೋನ ಅಸಲಿ ಚಿತ್ರ ಕಣ್ಣಾರೆ ನೋಡಬೇಕು. ದುಡ್ಡು ಹೊಂದಿಸಿ ಹೋಗುತ್ತಾನೆ. ಎಷ್ಟೋ ವರ್ಷಗಳಿಂದ ತನ್ನ ಚಿತ್ರ ಕೊಳ್ಳುತ್ತಿರುವವನದು ದೊಡ್ಡ ಗ್ಯಾಲರಿ ಅಂದುಕೊಂಡಿರುತ್ತಾನೆ. ಹೋಗಿ ನೋಡಿದರೆ ಪ್ರವಾಸಿಗರಿಗೆ ನೆನಪಿನ ಸಾಮಾನು ಮಾರುವ ಅಂಗಡಿ. ತಾನು ಬರೆದದ್ದು ತನಗೆ ಸಿಕ್ಕ ಬೆಲೆಯ ಹಲವು ಪಟ್ಟಿಗೆ ನೇತಾಡುತ್ತಿದೆ. ಅವನು ಜಗಳ ಮಾಡುವುದಿಲ್ಲ. ಮುಖ ಸ್ವಲ್ಪ ಇಳಿಯುತ್ತದೆ, ಅಷ್ಟೇ. ಕ್ಯಾಮೆರಾ ಆ ಮುಖದ ಮೇಲೆ ನಿಲ್ಲುವ ಧೈರ್ಯ ಮಾಡುತ್ತದೆ. ಆಮೇಲೆ ಮ್ಯೂಸಿಯಮ್ಮಿಗೆ ಹೋಗಿ ಅಸಲಿ ಚಿತ್ರದ ಮುಂದೆ ನಿಂತಾಗ, ಇಪ್ಪತ್ತು ವರ್ಷ ತಾನು ಮಾಡಿದ್ದು ಇದಲ್ಲ ಅನ್ನುವುದು ಅವನಿಗೆ ತಿಳಿಯುತ್ತದೆ. ವ್ಯಾನ್ ಗೋನ ಸಮಾಧಿಗೆ ಹೋಗಿ, ನಮ್ಮಲ್ಲಿ ಊದುಬತ್ತಿ ಹಚ್ಚುವಂತೆ, ಸಿಗರೇಟು ಹಚ್ಚಿ ಇಡುತ್ತಾನೆ.

ಇಲ್ಲಿಯವರೆಗೆ ನನ್ನದೇನೂ ತಕರಾರಿಲ್ಲ. ತಕರಾರು ಶುರುವಾಗುವುದು ಅವನು ಊರಿಗೆ ವಾಪಸ್ ಬಂದ ಮೇಲೆ. ನಕಲು ಸಾಕು, ನನ್ನದನ್ನೇ ಬರೆಯುತ್ತೇನೆ ಅನ್ನುತ್ತಾನೆ. ತನ್ನ ಅಜ್ಜಿಯ ಚಿತ್ರ ಬರೆಯುತ್ತಾನೆ. ನೋಡುವವರಿಗೆ ಕಣ್ಣು ತುಂಬುತ್ತದೆ, ನನಗೂ ತುಂಬಿತು. ಆದರೆ ಚಿತ್ರ ನಮ್ಮನ್ನು ಒಂದು ಸುಲಭದ ಸಮಾಧಾನಕ್ಕೆ ತಂದು ಬಿಡುತ್ತದೆ: ನಕಲು ಬಿಟ್ಟು ಸ್ವಂತದ್ದು ಹಿಡಿದರೆ ಬಿಡುಗಡೆ. ಅಂದರೆ ತಪ್ಪಿದ್ದದ್ದು ಝಾವೊನ ಕುಂಚದಲ್ಲಿ, ಅದನ್ನು ಅವನೇ ತಿದ್ದಿಕೊಂಡ. ಆ ಅಂಗಡಿಯವನ ಗಲ್ಲಾಪೆಟ್ಟಿಗೆಯ ಲೆಕ್ಕ ಏನಾಯಿತು? ಅದನ್ನು ಚಿತ್ರ ಆಮ್‌ಸ್ಟರ್‌ಡ್ಯಾಮಿನಲ್ಲೇ ಬಿಟ್ಟು ಬಂದಿದೆ.

ನಕಲು ಅಂದರೆ ಕೀಳು ಅನ್ನುವುದನ್ನು ವ್ಯಾನ್ ಗೋನೇ ಒಪ್ಪುತ್ತಿರಲಿಲ್ಲ. 1887ರಲ್ಲಿ ಅವನು ಜಪಾನಿನ ಹಿರೋಶಿಗೆಯ ಮುದ್ರಣಗಳನ್ನು ನೋಡಿ ಬರೆದ. 1889-90ರಲ್ಲಿ ಸೇಂಟ್ ರೆಮಿಯ ಆಸ್ಪತ್ರೆಯಲ್ಲಿದ್ದಾಗ ಮಿಲೆಯ ಚಿತ್ರಗಳ ಕಪ್ಪು ಬಿಳುಪಿನ ಪ್ರತಿಗಳನ್ನು ಎದುರಿಗಿಟ್ಟುಕೊಂಡು ತನ್ನ ಬಣ್ಣದಲ್ಲಿ ಒಂದರ ಹಿಂದೆ ಒಂದು ಬರೆದ. ಬೇರೆಯವರು ಕಟ್ಟಿದ ಸಂಗೀತವನ್ನು ನುಡಿಸುವವನ ಹಾಗೆ ಇದು ಅಂತ ತಮ್ಮನಿಗೆ ಪತ್ರದಲ್ಲಿ ವಿವರಿಸಿದ. ನಮಗೆ ಇದು ಹೊಸ ಮಾತಲ್ಲ. ಮಲ್ಲಿಕಾರ್ಜುನ ಮನ್ಸೂರರು ವಚನ ಹಾಡಿದರೆ ಅದನ್ನು ಬಸವಣ್ಣನ ನಕಲು ಅಂತ ಯಾರಾದರೂ ಅಂದಿದ್ದುಂಟೆ? ಸಾಹಿತ್ಯ ಯಾರದು, ದನಿ ಯಾರದು ಎರಡೂ ಕೇಳುವವರಿಗೆ ಗೊತ್ತು. ಗೊತ್ತಿರುವುದೇ ಮುಖ್ಯ.

ದಾಫೆನ್ ಬಗ್ಗೆ ವಿನ್ನಿ ವಾಂಗ್ 2013ರಲ್ಲಿ 'ವ್ಯಾನ್ ಗೋ ಆನ್ ಡಿಮ್ಯಾಂಡ್' ಅಂತ ಪುಸ್ತಕ ಬರೆದಿದ್ದಾರೆ. ಅಲ್ಲಿ ಅವರು ತೋರಿಸುವುದು ಇದು: ಸಾಲಾಗಿ ಕೂತು ಒಬ್ಬ ಕಣ್ಣು, ಒಬ್ಬ ಮೂಗು ಬರೆಯುವ ಕಾರ್ಖಾನೆ ಅನ್ನುವ ಕಲ್ಪನೆ ಬಹಳ ಮಟ್ಟಿಗೆ ಹೊರಗಿನವರದು. ಹೆಚ್ಚಿನವರು ತಮ್ಮ ತಮ್ಮ ಕೋಣೆಯಲ್ಲಿ ಇಡೀ ಚಿತ್ರವನ್ನು ತಾವೇ ಬರೆಯುವವರು. ಇನ್ನೊಂದು ವಿಷಯ ನನಗೆ ಚುಚ್ಚಿತು. ವಿದೇಶದ ದೊಡ್ಡ ಕಲಾವಿದರೂ ದಾಫೆನ್‌ನವರಿಂದ ಚಿತ್ರ ಬರೆಯಿಸಿಕೊಂಡು ತಮ್ಮ ಹೆಸರಿನಲ್ಲಿ ಪ್ರದರ್ಶನಕ್ಕೆ ಇಡುತ್ತಾರೆ. ಐಡಿಯಾ ಅವರದು, ಆದ್ದರಿಂದ ಅದು ಕಲೆ. ಕೈ ಇವರದು, ಆದ್ದರಿಂದ ಇದು ಕೂಲಿ. ಹಾಗಾದರೆ ಝಾವೊ ನಾಳೆಯಿಂದ ಸ್ವಂತದ್ದನ್ನೇ ಬರೆದರೂ, ಬೆಲೆ ಕಟ್ಟುವವರು ಮತ್ತು ಹೆಸರು ಹಚ್ಚುವವರು ಬದಲಾಗದಿದ್ದರೆ ಏನು ಬದಲಾದಂತಾಯಿತು?

ಇಷ್ಟು ಬರೆದು ನಾನು ಝಾವೊನ ಪಕ್ಕದಲ್ಲಿ ಕೂತುಬಿಡಬಹುದಿತ್ತು. ನಾನೂ ಹಿಂದುಳಿದ ಜಿಲ್ಲೆಯಿಂದ ಬಂದವನು, ನನ್ನ ಚಿತ್ರಕ್ಕೂ ಹೆಸರಿಲ್ಲ. ನಮ್ಮ ಜಿಲ್ಲೆಯಿಂದ ಗುಳೆ ಬರುವವರು ಬೆಂಗಳೂರಲ್ಲಿ ಕಟ್ಟಡ ಕಟ್ಟುತ್ತಾರೆ, ನಾನು ಆ ಅಪಾರ್ಟ್‌ಮೆಂಟುಗಳ ಬ್ರೋಷರ್ ಮಾಡುತ್ತೇನೆ. ಇಬ್ಬರ ಹೆಸರೂ ಎಲ್ಲೂ ಇಲ್ಲ. ಆದರೆ ಕಾಕಾನ ಪ್ರಶ್ನೆ ಇನ್ನೊಂದು ಕಡೆಗೂ ತಿರುಗುತ್ತದೆ ಅನ್ನುವುದು ನನಗೆ ಹೊಳೆದದ್ದು ಆ ಯುಗಾದಿ ಚಿತ್ರವನ್ನು ಮತ್ತೆ ತೆರೆದಾಗ.

ಆ ಕಮಾನು, ಆ ಚಾಮರ, ಆ ಅಂಚು ನನ್ನ ತಲೆಯಿಂದ ಬಂದದ್ದಲ್ಲ. ಕ್ಲೈಂಟ್ 'ಏನಾದರೂ ಲೋಕಲ್ ಫ್ಲೇವರ್ ಇರಲಿ' ಅಂದಿದ್ದರು. ನಮ್ಮ ಊರ ಕಡೆಯದೇ ಇದೆ ಅಂತ ಹೆಮ್ಮೆಯಿಂದ ಸುರಪುರದ ಕಿರುಚಿತ್ರಗಳನ್ನು ನೆಟ್ಟಿನಿಂದ ಇಳಿಸಿಕೊಂಡೆ. ಒಂದರಿಂದ ಅಂಚು, ಇನ್ನೊಂದರಿಂದ ಕಮಾನು, ಮತ್ತೊಂದರಿಂದ ರಾಜನ ನಿಲುವಂಗಿ. ನಮ್ಮ ಭಾಷೆಯಲ್ಲಿ ಅದಕ್ಕೆ 'ರೆಫರೆನ್ಸ್' ಅನ್ನುತ್ತೇವೆ. ಸುರಪುರದ ನಾಯಕ ಅರಸರ ಆಶ್ರಯದಲ್ಲಿ ಬೆಳೆದ ಶೈಲಿ ಅದು. ಕೂದಲೆಳೆಯಂಥ ಗೆರೆ, ಬಂಗಾರದ ಕೆಲಸ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕನ ದಂಗೆ ಸೋತು ಸಂಸ್ಥಾನ ಹೋಯಿತು, ಚಿತ್ರಗಾರರ ಅನ್ನವೂ ಹೋಯಿತು. ಅಲ್ಲಿ ಕಂಪನಿಯ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಆತ್ಮಕತೆ ಬರೆದ, ಅವನಿದ್ದ ಬಂಗಲೆ ಇವತ್ತಿಗೂ ಟೇಲರ್ ಮಂಜಿಲ್. ಆ ಬಂಗಾರದ ಗೆರೆ ಎಳೆದವರಲ್ಲಿ ಎಷ್ಟು ಜನರ ಹೆಸರು ನಮಗೆ ಬರುತ್ತದೆ? ಈ ಶೈಲಿಯನ್ನು ನಮ್ಮ ಕಾಲದಲ್ಲಿ ಮತ್ತೆ ಕುಂಚಕ್ಕೆ ತಂದ ಕಲಬುರಗಿಯ ವಿಜಯ ಹಾಗರಗುಂಡಗಿ ಅವರ ಹೆಸರನ್ನಾದರೂ ನಾನು ಎಲ್ಲಾದರೂ ಹೇಳಿದೆನೆ? 'ಸುರಪುರ ಶೈಲಿಯಿಂದ' ಅಂತ ಒಂದು ಸಾಲು ಹಾಕಿದೆನೆ? ಇಲ್ಲ. ಕಾನೂನು ನನ್ನನ್ನು ಏನೂ ಕೇಳುವುದಿಲ್ಲ, ಶೈಲಿಗೆ ಕಾಪಿರೈಟ್ ಇಲ್ಲ. ಆಮ್‌ಸ್ಟರ್‌ಡ್ಯಾಮಿನ ಅಂಗಡಿಯವನನ್ನೂ ಯಾವ ಕಾನೂನೂ ಕೇಳಲಿಲ್ಲ. ಅಲ್ಲಿಗೆ ಆ ಚಿತ್ರದಲ್ಲಿ ನನ್ನ ಜಾಗ ಝಾವೊನ ಸ್ಟೂಲು ಒಂದೇ ಅಲ್ಲ, ಅಂಗಡಿಯ ಗಲ್ಲಾ ಕೂಡ.

ಹೆಸರು ಹಾಕುವುದು ಅಹಂಕಾರ, ನಮ್ಮ ಪರಂಪರೆಯಲ್ಲಿ ಕಲಾವಿದ ಅನಾಮಿಕ ಅಂತ ವೇದಿಕೆಯ ಮೇಲೆ ಹೇಳುವವರಿದ್ದಾರೆ. ಕೇಳಲಿಕ್ಕೆ ಚೆಂದ. ಆದರೆ ಅದೇ ಸುರಪುರ ಸೀಮೆಯ ಮುದನೂರಿನಲ್ಲಿ ಬಟ್ಟೆ ನೇಯುತ್ತಿದ್ದ ದಾಸಿಮಯ್ಯ ಪ್ರತಿ ವಚನದ ಕೊನೆಗೆ ರಾಮನಾಥ ಅಂತ ಅಂಕಿತ ಹಾಕಿದ. ಹೆಸರು ದೇವರದು, ಗುರುತು ನೇಕಾರನದು. ಸಾವಿರ ವರ್ಷದ ಹತ್ತಿರ ಆದರೂ ಅದು ಯಾರ ಮಾತು ಅಂತ ನಮಗೆ ಗೊತ್ತಾಗುತ್ತದೆ. ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್.ಎಂ. ಪಂಡಿತರು ಮುಂಬೈಗೆ ಹೋಗಿ ಸಿನೆಮಾ ಪೋಸ್ಟರು, ಕ್ಯಾಲೆಂಡರು ಬರೆದರು. 'ಕಮರ್ಷಿಯಲ್' ಅಂತ ಮೂಗು ಮುರಿದವರಿದ್ದರು. ಆದರೆ ಅವರ ಚಿತ್ರ ಎಷ್ಟು ಸಾವಿರ ಅಚ್ಚಾದರೂ ಮೂಲೆಯಲ್ಲಿ ಸಹಿ ಇರುತ್ತಿತ್ತು. ಕಾಕಾ ಚಿತ್ರ ಕಲಿತದ್ದೇ ಆ ಕ್ಯಾಲೆಂಡರುಗಳನ್ನು ನೋಡಿ ನೋಡಿ ಬರೆದು. ಶಿವನ ಜಟೆಯ ಜೊತೆಗೆ ಮೂಲೆಯಲ್ಲಿ ಹೆಸರು ಹಾಕುವುದನ್ನೂ ಅಲ್ಲಿಂದಲೇ ಕಲಿತರು.

ನಮ್ಮ ಕಾನೂನು ಈ ವಿಷಯದಲ್ಲಿ ಪೂರ್ತಿ ಕಿವುಡೇನಲ್ಲ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಸಂಬಳಕ್ಕಿದ್ದು ಮಾಡಿದ ಕೆಲಸದ ಹಕ್ಕು ಕಂಪನಿಗೆ. ಆದರೆ 57ನೇ ಸೆಕ್ಷನ್ ಇನ್ನೊಂದು ಹೇಳುತ್ತದೆ: ಹಕ್ಕನ್ನು ಮಾರಿದ ಮೇಲೂ ಇದನ್ನು ಮಾಡಿದವನು ನಾನು ಅಂತ ಹೇಳಿಕೊಳ್ಳುವ ಅಧಿಕಾರ ಮಾಡಿದವನಿಗೇ ಉಳಿಯುತ್ತದೆ. ಕಲಾವಿದ ಅಮರನಾಥ ಸೆಹಗಲ್ ದೆಹಲಿಯ ವಿಜ್ಞಾನ ಭವನಕ್ಕೆ ಮಾಡಿದ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಗೋದಾಮಿಗೆ ಹಾಕಿದ್ದರು. ಅವರು ಇದೇ ಸೆಕ್ಷನ್ ಹಿಡಿದು ಸರ್ಕಾರದ ಮೇಲೆ ಹೋದರು. 2005ರಲ್ಲಿ ದೆಹಲಿ ಹೈಕೋರ್ಟ್ ಶಿಲ್ಪವನ್ನು ಅವರಿಗೆ ಮರಳಿಸಿ, 5 ಲಕ್ಷ ರೂಪಾಯಿ ಪರಿಹಾರ ಕೊಡಿ ಅಂದಿತು. ಯುಗಾದಿ ಗ್ರೀಟಿಂಗಿಗೆ ಯಾರೂ ಕೋರ್ಟಿಗೆ ಹೋಗುವುದಿಲ್ಲ, ನಿಜ. ಆದರೆ ಇಂಥದ್ದೊಂದು ಸೆಕ್ಷನ್ ಇದೆ ಅಂತ ನಮ್ಮ ಆಫೀಸಿನ ಹದಿನಾಲ್ಕು ಜನ ಡಿಸೈನರುಗಳಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನನ್ನನ್ನೂ ಸೇರಿಸಿ.

ಮುಂದಿನ ಕೆಲಸಕ್ಕೆ ನಾನು ಬಾಯಿಬಿಟ್ಟು ಕೇಳಿದೆ. ಕ್ಲೈಂಟ್ ಹಾಕುವ ಪೋಸ್ಟಿನ ಕೆಳಗೆ ಎರಡು ಸಾಲು ಬೇಕು, ಒಂದರಲ್ಲಿ ಚಿತ್ರ ಮಾಡಿದವನ ಹೆಸರು, ಇನ್ನೊಂದರಲ್ಲಿ ಯಾವ ಶೈಲಿ, ಯಾರಿಂದ ಕಲಿತದ್ದು ಅಂತ. ಮ್ಯಾನೇಜರ್ ಮೊದಲು ನಕ್ಕರು, ಆಮೇಲೆ 'ಕೇಳಿ ನೋಡೋಣ' ಅಂದರು. ಕ್ಲೈಂಟ್ ಶೈಲಿಯ ಸಾಲಿಗೆ ಒಪ್ಪಿದರು, 'ಒಳ್ಳೆ ಸ್ಟೋರಿ ಆಗುತ್ತೆ' ಅಂತ. ನನ್ನ ಹೆಸರಿಗೆ ಒಪ್ಪಲಿಲ್ಲ. ಅರ್ಧ ಗೆದ್ದೆನೋ, ನನ್ನ ಊರಿನ ಹೆಸರನ್ನೂ ಅವರ ಜಾಹೀರಾತಿಗೆ ಸೇರಿಸಿಕೊಟ್ಟೆನೋ ಇನ್ನೂ ಗೊತ್ತಾಗಿಲ್ಲ. ಮುಂದಿನ ಸಲ ಮತ್ತೆ ಕೇಳುತ್ತೇನೆ. ಹದಿನಾಲ್ಕೂ ಜನ ಸೇರಿ ಕೇಳಿದರೆ ಉತ್ತರ ಬೇರೆ ಬರಬಹುದು ಅನ್ನುವ ಮಾತು ಊಟದ ಹೊತ್ತಿಗೆ ಶುರುವಾಗಿದೆ.

ಕಾಕಾಗೆ ಫೋನ್ ಮಾಡಿ ಹೇಳಿದೆ.

"ರೊಕ್ಕ ಹೆಚ್ಚು ಕೇಳಿದಿಯೇನು?" ಅಂದರು.

"ಇಲ್ಲ ಕಾಕಾ, ಬರೀ ಹೆಸರು."

"ಅದನ್ನೂ ಕೇಳು," ಅಂದು ಫೋನ್ ಇಟ್ಟರು. ಹತ್ತಿ ಬಿಡಿಸುವವರು ಕಾಯುತ್ತಿದ್ದರಂತೆ.