ಬೆಕ್ಕಿಗೆ ಡೈಪರ್ ಕಟ್ಟೋರ್ಯಾರು?

ಆ ರೀಲ್ ನೀವೂ ನೋಡಿರ್ತೀರಿ. ಮೊದಲ ಮೂರು ಸೆಕೆಂಡು, ರಸ್ತೆ ಬದಿಯಲ್ಲಿ ಹಿಂಗಾಲು ಎಳೆದುಕೊಂಡು ಹೋಗುವ ಬೆಕ್ಕು. ಆಮೇಲೆ ಪಿಯಾನೋ. ಆಸ್ಪತ್ರೆಯ ಮೇಜು, ಒಂದು ಎಕ್ಸ್‌ರೇ, ತಲೆ ಸವರುವ ಯಾರದೋ ಕೈ. ಸಂಗೀತ ಏರುತ್ತದೆ. ಬೆಕ್ಕಿನ ಸೊಂಟಕ್ಕೆ ಎರಡು ಚಕ್ರದ ಪುಟ್ಟ ಗಾಡಿ ಕಟ್ಟುತ್ತಾರೆ, ಅದು ಟೈಲ್ಸ್ ಮೇಲೆ ಸರ್ರಂತ ಓಡುತ್ತದೆ. ಮುಗೀತು. ಕೆಳಗೆ ಸಾಲು ಸಾಲು ಕೆಂಪು ಹಾರ್ಟುಗಳು, 'ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ' ಅನ್ನುವ ಹಾರೈಕೆಗಳು.

ಮೂವತ್ತು ಸೆಕೆಂಡಿನ ರೀಲಿಗೂ ವಿಮರ್ಶೆ ಬೇಕಾ ಅಂತ ನೀವು ಕೇಳಬಹುದು. ಬೇಕು ಅನ್ನೋದು ನನ್ನ ವಾದ. ಇಂಥದ್ದನ್ನು ನೋಡಿ ಕರಗಿದವರು ನಿಜವಾಗಿಯೂ ನಡು ಮುರಿದ ಬೆಕ್ಕನ್ನು ಮನೆಗೆ ತರ್ತಾರೆ. ಮೂರನೇ ವಾರಕ್ಕೆ ವಾಟ್ಸಾಪ್ ಗುಂಪಿನಲ್ಲಿ 'ಯಾರಾದ್ರೂ ತಗೊಳ್ತೀರಾ, ಅರ್ಜೆಂಟ್' ಅಂತ ಮೆಸೇಜು ಬರುತ್ತೆ. ಅವರನ್ನು ಬೈಯೋದು ಸುಲಭ. ಅವರು ನೋಡಿದ ಚಿತ್ರದಲ್ಲಿ ಏನೇನು ಕತ್ತರಿಸಿ ಹೋಗಿತ್ತು ಅಂತ ಕೇಳೋದು ಹೆಚ್ಚು ಉಪಯೋಗದ ಕೆಲಸ.

ನಮ್ಮ ಮನೆಯಲ್ಲಿ ಚಕ್ಲಿ ಇದ್ದಾಳೆ. ಒಂದೂವರೆ ವರ್ಷದ ಹಿಂದೆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ, ಒಂದು ಕಾರಿನ ಕೆಳಗೆ ಸಿಕ್ಕವಳು. ಬೆನ್ನುಮೂಳೆ ಮುರಿದಿತ್ತು, ಹಿಂಗಾಲೆರಡಕ್ಕೂ ಸ್ವಾಧೀನ ಇರಲಿಲ್ಲ. ನಾನು, ನನ್ನ ತಮ್ಮ, ಇಬ್ಬರೂ ಆಫೀಸಿಗೆ ಹೋಗುವವರು. ರೀಲುಗಳು ಬಿಟ್ಟ ಜಾಗವನ್ನು ನಾನು ತುಂಬಿಕೊಂಡಿದ್ದು ಅವಳಿಂದ.

ಮೊದಲು ಬಿಟ್ಟುಹೋಗೋದು ಉಚ್ಚೆ. ಕಾಲು ಹೋದ ಬೆಕ್ಕಿನ ದೊಡ್ಡ ಸಮಸ್ಯೆ ಬಹುಪಾಲು ಕಾಲಿನದ್ದಲ್ಲ. ಬೆನ್ನುಹುರಿಗೆ ಏಟು ಬಿದ್ದಾಗ ಮೂತ್ರಕೋಶದ ಹತೋಟಿಯೂ ಹೋಗಬಹುದು. ಆಗ ದಿನಕ್ಕೆ ಮೂರು ನಾಲ್ಕು ಸಲ ಹೊಟ್ಟೆಯ ಕೆಳಗೆ ಬೆರಳಿಟ್ಟು, ನಿಂಬೆಹಣ್ಣಿನ ಹಾಗೆ ಗುಂಡಗೆ ಸಿಗುವ ಮೂತ್ರಕೋಶವನ್ನು ಹದವಾಗಿ ಒತ್ತಿ ಖಾಲಿ ಮಾಡಬೇಕು. ಜೋರಾಗಿ ಅದುಮಿದರೆ ಒಡೆಯುವ ಅಪಾಯ, ಮೆಲ್ಲಗೆ ಒತ್ತಿದರೆ ಒಳಗೇ ಉಳಿದು ಸೋಂಕು. ಇದನ್ನು ಡಾಕ್ಟರ ಎದುರಿಗೆ, ಅವರ ಕೈ ನಿಮ್ಮ ಕೈ ಮೇಲಿದ್ದಾಗಲೇ ಕಲೀಬೇಕು. ಇನ್ನೊಂದು ಮೋಸವಿದೆ. ಬೆಕ್ಕು ಮಲಗಿದ ಜಾಗ ಒದ್ದೆಯಾಗ್ತಿದ್ರೆ 'ಓ, ತಾನೇ ಮಾಡ್ಕೊಳ್ತಿದೆ' ಅನ್ನಿಸುತ್ತೆ. ಎಷ್ಟೋ ಸಲ ಅದು ತುಂಬಿದ ಟ್ಯಾಂಕಿನಿಂದ ಸೋರೋ ನೀರು ಅಷ್ಟೇ. ಒಳಗೆ ಮೂತ್ರಕೋಶ ತುಂಬಿಕೊಂಡೇ ಇರುತ್ತೆ.

ನಮ್ಮ ಮನೆಯಲ್ಲಿ ಇದು ಬೆಳಗ್ಗೆ 6, ಮಧ್ಯಾಹ್ನ 2, ರಾತ್ರಿ 10. ಭಾನುವಾರ ಇಲ್ಲ, ದೀಪಾವಳಿ ಇಲ್ಲ. ಬೆಕ್ಕಿಗೆ ಗಂಟೆ ಕಟ್ಟೋರ್ಯಾರು ಅಂತ ಇಲಿಗಳು ಸಭೆ ಸೇರಿದ್ದು ಒಂದೇ ಸಲ. ಬೆಕ್ಕಿಗೆ ಡೈಪರ್ ಕಟ್ಟೋರ್ಯಾರು ಅನ್ನೋ ಸಭೆ ನಮ್ಮನೇಲಿ ದಿನಾ ನಡೆಯುತ್ತೆ. ಎಳೆಮಕ್ಕಳ ಡೈಪರ್ ತಂದು, ಬಾಲಕ್ಕೊಂದು ತೂತು ಮಾಡಿ ಕಟ್ತೀವಿ. ಅದನ್ನೂ ಇಡೀ ದಿನ ಬಿಡೋ ಹಾಗಿಲ್ಲ. ಒದ್ದೆ ತಾಗಿದ ಚರ್ಮ ಕೆಂಪಾಗಿ ಸುಲಿಯುತ್ತೆ. ನೆಲಕ್ಕೆ ಉಜ್ಜುವ ತೊಡೆ, ಪಾದದ ಮೇಲೆ ಹುಣ್ಣಾಗದ ಹಾಗೆ ದಿನಾ ಕೂದಲು ಸರಿಸಿ ನೋಡಬೇಕು. ಮಲ ಕಟ್ಟಿದೆಯಾ ಅಂತ ಲೆಕ್ಕ ಇಡಬೇಕು. ಅವಳಿಗೆ ನೋವಿದೆ ಅನ್ನಿಸಿದರೆ ಮನೆಯ ಡಬ್ಬಿಯಿಂದ ಜ್ವರದ ಮಾತ್ರೆ ಮುರಿದು ಕೊಡೋ ಹಾಗಿಲ್ಲ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಒಂದೇ ಮಾತ್ರೆ ಸಾಕು ಪ್ರಾಣ ತೆಗೆಯೋಕೆ. ಇವ್ಯಾವುದಕ್ಕೂ ಪಿಯಾನೋ ಹೊಂದಲ್ಲ.

ಎರಡನೆಯದು, ಆ ಗಾಡಿ. ರೀಲಿನಲ್ಲಿ ಅದು ಮೋಕ್ಷದ ಹಾಗೆ ಬರುತ್ತೆ. ನಾಯಿಗೆ ಅದು ಬಹಳ ಸಲ ಹೊಂದುತ್ತೆ ನಿಜ. ನಾಯಿಯ ಲೋಕ ರಸ್ತೆ, ಬಯಲು, ಯಜಮಾನನ ಹಿಂದೆ ಓಟ. ಬೆಕ್ಕಿನ ಲೋಕ ಸೋಫಾದ ಅಡಿ, ಬೀರುವಿನ ಸಂದಿ, ಕಿಟಕಿಯ ಅಂಚು. ಅಲ್ಲೆಲ್ಲಾ ಗಾಡಿ ಹೋಗಲ್ಲ. ಅದರಲ್ಲೇ ಮಲಗೋಕೂ ಆಗಲ್ಲ, ಹಾಗಾಗಿ ನಾವು ಪಕ್ಕದಲ್ಲಿದ್ದಷ್ಟು ಹೊತ್ತು ಮಾತ್ರ. ಎಷ್ಟೋ ಬೆಕ್ಕುಗಳು ಗಾಡಿ ಕಟ್ಟಿದ ತಕ್ಷಣ ಕಲ್ಲಾಗಿ ನಿಲ್ತವೆ. ನಮ್ಮ ಚಕ್ಲಿ ಹಾಗೇ ನಿಂತಳು. ಬಿಚ್ಚಿದ ಮೇಲೆ ಮುಂಗಾಲಲ್ಲೇ ಎಳೆದುಕೊಂಡು ಅಡುಗೆಮನೆಗೆ ಹೋದ ವೇಗ ನೋಡಬೇಕಿತ್ತು. ಹಾಗಾದ್ರೆ ರೀಲಿಗೆ ಗಾಡಿ ಯಾಕೆ ಬೇಕು? ತೆವಳುವ ಪ್ರಾಣಿಯನ್ನು ನೋಡೋದು ನಮಗೆ ಕಷ್ಟ. ಗಾಡಿ ಬಂದರೆ 'ಸರಿಹೋಯ್ತು' ಅಂತ ನಾವು ಮುಂದಿನ ವಿಡಿಯೋಗೆ ಹೋಗಬಹುದು. ಅದು ನೋಡುವವರ ಸಂಕಟಕ್ಕೆ ಮಾಡಿದ ಚಿಕಿತ್ಸೆ.

ಮೂರನೆಯದು 'ಪವಾಡ'. ಸತ್ತ ಕಾಲು ಇದ್ದಕ್ಕಿದ್ದಂತೆ ಒದೆಯುತ್ತದೆ, ಕೆಳಗೆ ದೊಡ್ಡ ಅಕ್ಷರದಲ್ಲಿ 'ಕಾಲು ವಾಪಸ್ ಬಂತು!' ಬಂದಿರಬಹುದು, ಬರದೆಯೂ ಇರಬಹುದು. ಬೆರಳು ಚಿವುಟಿದಾಗ ಕಾಲು ಹಿಂದಕ್ಕೆಳೆಯೋದು ಬೆನ್ನುಹುರಿಯ ಮಟ್ಟದಲ್ಲೇ ಆಗುವ ಪ್ರತಿಕ್ರಿಯೆ, ಅದಕ್ಕೆ ಮೆದುಳು ಬೇಕಿಲ್ಲ. ಅದಕ್ಕೇ ಡಾಕ್ಟರು ಫೋರ್ಸೆಪ್ಸಿನಲ್ಲಿ ಬೆರಳು ಒತ್ತಿ ಬೆಕ್ಕಿನ ಮುಖ ನೋಡ್ತಾರೆ. ಅದು ತಿರುಗಿ ನೋಡಿತಾ, ಕೂಗಿತಾ, ಕಚ್ಚೋಕೆ ಬಂತಾ? ಆಳದ ನೋವು ತಿಳಿದರೆ ಭರವಸೆ ಹೆಚ್ಚು, ತಿಳಿಯದಿದ್ದರೆ ಕಡಿಮೆ. ರೀಲಿನ ಕ್ಯಾಮೆರಾ ಕಾಲಿನ ಮೇಲಿರುತ್ತೆ, ಡಾಕ್ಟರ ಕಣ್ಣು ಮುಖದ ಮೇಲೆ.

ಇದು ರೀಲುಗಳ ಕಾಯಿಲೆ ಮಾತ್ರ ಅಂದ್ರೆ ತಪ್ಪಾಗುತ್ತೆ. ನಮ್ಮ ಒಳ್ಳೆಯ ಸಿನಿಮಾದಲ್ಲೂ ಇದರ ಎಳೆ ಇದೆ. 2022ರ '777 ಚಾರ್ಲಿ' ತಗೊಳ್ಳಿ. ಕಿರಣ್‌ರಾಜ್ ಕೆ. ನಿರ್ದೇಶನ, ರಕ್ಷಿತ್ ಶೆಟ್ಟಿಯ ಧರ್ಮ. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ನೋಡಿ ಕಣ್ಣೀರಿಟ್ಟಿದ್ದು ಸುದ್ದಿಯಾಗಿತ್ತು, ನಾನೂ ಅತ್ತಿದ್ದೀನಿ. ನನಗೆ ಆ ಚಿತ್ರದ ಬೆಸ್ಟ್ ಭಾಗ ಮೊದಲರ್ಧ. ಬೇಡದ ನಾಯಿ ಮನೆ ಗಲೀಜು ಮಾಡುತ್ತೆ, ಧರ್ಮ ಸಿಡುಕುತ್ತಾನೆ, ಆದರೂ ಅದರ ಜೊತೆ ಏಗುತ್ತಾನೆ. ಆ ಸಿಡುಕು ನಿಜ. ಕಾಯಿಲೆ ಅಂತ ಗೊತ್ತಾದ ಮೇಲೆ ಚಿತ್ರ ಮನೆ ಬಿಟ್ಟು ಹೊರಡುತ್ತೆ. ಸೈಡ್‌ಕಾರಿನ ಬೈಕು, ಉದ್ದದ ರಸ್ತೆ, ಕೊನೆಗೆ ಹಿಮ. ಕಾಯಿಲೆ ಪ್ರಯಾಣವಾಗಿ ಬದಲಾಗುತ್ತೆ. ನಾಯಿಗಳ ಅಕ್ರಮ ಸಂತಾನಾಭಿವೃದ್ಧಿ ದಂಧೆಯ ಬಗ್ಗೆ ಅಷ್ಟು ಜನಕ್ಕೆ ತಲುಪುವ ಹಾಗೆ ಹೇಳಿದ್ದಕ್ಕೆ ಆ ಚಿತ್ರಕ್ಕೆ ಋಣಿ. ಆದರೆ ನೋಡಿ, ಪ್ರೀತಿಯ ದೊಡ್ಡ ಸಾಕ್ಷಿ ಅಂತ ಅದು ಆರಿಸಿಕೊಂಡಿದ್ದು ಎಲ್ಲಾ ಬಿಟ್ಟು ಹೊರಡೋದನ್ನು. ನಮ್ಮಂಥ ಮನೆಗಳಲ್ಲಿ ಸಾಕ್ಷಿ ಉಲ್ಟಾ. ಎಲ್ಲೂ ಹೋಗದೆ ಇರೋದು. ನನ್ನ ತಮ್ಮ ಗೆಳೆಯನ ಮದುವೆಗೆ ಮಂಗಳೂರಿಗೆ ಹೋಗಲಿಲ್ಲ. ರಾತ್ರಿ 10ಕ್ಕೆ ಮನೆಯಲ್ಲಿ ಇನ್ನೊಬ್ಬರಿರಲಿಲ್ಲ, ಅಷ್ಟೇ. ಇದನ್ನು ಇಟ್ಟುಕೊಂಡು ಕ್ಲೈಮ್ಯಾಕ್ಸ್ ಮಾಡೋಕಾಗಲ್ಲ.

ಹಾಗಂತ ಇದನ್ನು ತೋರಿಸೋಕೇ ಆಗಲ್ಲ ಅಂತಲ್ಲ. ಜೇಡಾ ತೊರುನ್ ಅವರ 'ಕೆಡಿ' ಅನ್ನೋ ಸಾಕ್ಷ್ಯಚಿತ್ರ ಇದೆ, ಇಸ್ತಾಂಬುಲ್‌ನ ಬೀದಿಬೆಕ್ಕುಗಳ ಮೇಲೆ, 2016ರದ್ದು. ಅದರಲ್ಲಿ ಒಬ್ಬ ತಾಯಿಯಿಲ್ಲದ ಮರಿಗಳಿಗೆ ಹಾಲು ಕುಡಿಸ್ತಾನೆ, ಇನ್ನೊಂದು ಮನೆಯಲ್ಲಿ ಬೆಕ್ಕುಗಳಿಗೆಂದೇ ದಿನಾ ಕೋಳಿ ಬೇಯುತ್ತೆ. ಯಾರೂ ಹೀರೋ ಆಗಲ್ಲ. ನಾಳೆಯೂ ಅದೇ ಹೊತ್ತಿಗೆ ಅದೇ ಪಾತ್ರೆ ಒಲೆ ಮೇಲೇರುತ್ತೆ ಅನ್ನೋದು ನೋಡುವವರಿಗೆ ಗೊತ್ತಾಗುತ್ತೆ. ನನಗೆ ಬೇಕಾದ ವ್ಯಾಕರಣ ಅದು.

ರೀಲಿನಲ್ಲಿ ಎಂದೂ ಕಾಣಿಸದ ಇನ್ನೊಂದು ಸಂಗತಿ, ಆ ಎರಡನೇ ಜೊತೆ ಕೈ. ನಮ್ಮ ಮಧ್ಯಾಹ್ನದ 2 ಗಂಟೆ ಯಾರದ್ದು? ಈಗ ಆರು ತಿಂಗಳಿಂದ ಅಮ್ಮನದ್ದು. ಶಿವಮೊಗ್ಗದಿಂದ ಮಂಡಿನೋವು ತೋರಿಸ್ಕೊಳ್ಳೋಕೆ ಬಂದವಳು ಉಳಿದುಬಿಟ್ಟಳು. ನಾನೊಮ್ಮೆ, "ಅಮ್ಮ, ನೀನು ಅವಳಿಗೆ ಒತ್ತೋದನ್ನ ವಿಡಿಯೋ ತೆಗೀತೀನಿ, ಬೇರೆಯವರಿಗೂ ಉಪಯೋಗ ಆಗುತ್ತೆ" ಅಂದೆ.

"ನಿಮ್ಮಜ್ಜಿಗೆ ಏಳು ವರ್ಷ ಇದನ್ನೇ ಮಾಡಿದೀನಿ ಕಣೇ" ಅಂದಳು, ಟವೆಲ್ ಹಿಂಡ್ತಾ. "ಆಗ ಯಾರೂ ಬಂದು ನೋಡ್ಲಿಲ್ಲ."

ಆ ಮಾತಿನಲ್ಲಿ ದೂರು ಎಷ್ಟಿತ್ತು, ನೆನಪೆಷ್ಟಿತ್ತು ಅಂತ ನಾನು ಕೇಳಲಿಲ್ಲ. ಮಾರನೇ ವಾರದಿಂದ ನಾನು ಎರಡು ದಿನ, ತಮ್ಮ ಎರಡು ದಿನ ಮನೆಯಿಂದಲೇ ಕೆಲಸ ಮಾಡೋ ಹಾಗೆ ಮ್ಯಾನೇಜರ್ ಹತ್ತಿರ ಮಾತಾಡಿದೆವು. ಬೆಕ್ಕು ತಂದವರು ನಾವು, ಅಮ್ಮ ಅಲ್ಲ. ರೀಲ್ ಹಾಕುವವರ ಹೆಸರಿನ ಹಿಂದೆ ಇಂಥ ಎಷ್ಟು ಜನ ಅಮ್ಮಂದಿರು, ಕೆಲಸದ ಅಕ್ಕಂದಿರು ಟವೆಲ್ ಹಿಂಡ್ತಿದ್ದಾರೋ, ಅವರಿಗೆ ಒಂದೂ ಹಾರ್ಟ್ ಸಿಗಲ್ಲ.

ಈ ರೀಲುಗಳಿಗೆ ತದ್ವಿರುದ್ಧವಾಗಿ ಕಾಣುವ ಇನ್ನೊಂದು ಕತೆಯೂ ನಮ್ಮಲ್ಲಿದೆ. 'ಪಾಪ, ಇಂಜೆಕ್ಷನ್ ಕೊಡಿಸಿಬಿಡಿ, ಯಾಕೆ ನರಳಿಸ್ತೀರಿ?' ಲಿಫ್ಟಿನಲ್ಲಿ ಎಷ್ಟು ಜನ ಹೀಗಂದಿಲ್ಲ! ನನಗೆ ಎರಡೂ ಒಂದೇ ಕತೆ ಅನ್ನಿಸುತ್ತೆ. ಇಬ್ಬರಿಗೂ ಬೇಗ ಒಂದು ಕೊನೆ ಬೇಕು. ಒಬ್ಬರಿಗೆ ಗಾಡಿ, ಇನ್ನೊಬ್ಬರಿಗೆ ಸೂಜಿ. ಕಾಲಿಲ್ಲದೇ ಇರೋದೇ ನರಳಾಟ ಅಲ್ಲ. ಚಕ್ಲಿ ಉಣ್ಣುತ್ತಾಳೆ, ಮೈ ನೆಕ್ಕಿಕೊಳ್ಳುತ್ತಾಳೆ, ಹಲ್ಲಿ ನೋಡಿದ್ರೆ ಕಟಕಟ ಹಲ್ಲು ಕಡಿಯುತ್ತಾಳೆ. ಆದರೆ ಇಂಜೆಕ್ಷನ್ ಮಾತೇ ಪಾಪ ಅಂತಲೂ ನಾನು ಹೇಳಲ್ಲ. ಹೃದ್ರೋಗದಿಂದ ರಕ್ತ ಹೆಪ್ಪುಗಟ್ಟಿ, ಅದು ಹಿಂಗಾಲಿನ ನಾಳಕ್ಕೆ ಅಡ್ಡ ಬಂದು ಇದ್ದಕ್ಕಿದ್ದಂತೆ ಕಾಲು ಹೋಗುವ ಬೆಕ್ಕುಗಳಿವೆ. ಪಾದ ತಣ್ಣಗಾಗಿರುತ್ತೆ, ನೋವಿಗೆ ಚೀರುತ್ತವೆ. ಅದು ತುರ್ತು, ಚಕ್ಲಿಯ ಸ್ಥಿತಿಗೂ ಅದಕ್ಕೂ ಹೋಲಿಕೆ ಇಲ್ಲ. ಸೋಂಕು ಮೇಲಿಂದ ಮೇಲೆ ಬಂದು, ಔಷಧಿ ನಾಟದೆ, ಊಟ ಬಿಟ್ಟ ಬೆಕ್ಕಿನ ಮುಂದೆ ಕೂತು ಹಟ ಮಾಡೋದು ಪ್ರೀತಿಯಲ್ಲ. ಪ್ರತಿ ಎಂಟು ಗಂಟೆಗೊಮ್ಮೆ ಮನೆಯಲ್ಲಿ ಕೈ ಇಲ್ಲ ಅನ್ನೋದೂ ನಿಜವಾದ ಕಾರಣವೇ. ಅದನ್ನು ಹೇಳಿದವರನ್ನು ಕಲ್ಲು ಮನಸ್ಸಿನವರು ಅನ್ನೋ ಹಕ್ಕು ಕಮೆಂಟ್ ಬರೆಯುವವರಿಗೆ ಇಲ್ಲ.

ಅಂದಹಾಗೆ ನ್ಯೂಯಾರ್ಕ್‌ನಲ್ಲಿ ಎತ್ತರದ ಕಟ್ಟಡಗಳಿಂದ ಬಿದ್ದ 132 ಬೆಕ್ಕುಗಳ ಮೇಲೆ 1987ರಲ್ಲಿ ಪ್ರಕಟವಾದ ಒಂದು ಅಧ್ಯಯನ ಬಹಳ ಹೆಸರುವಾಸಿ. ಚಿಕಿತ್ಸೆ ಸಿಕ್ಕ ಬೆಕ್ಕುಗಳಲ್ಲಿ ಶೇಕಡಾ 90ರಷ್ಟು ಬದುಕಿದ್ದವು. 'ಬೆಕ್ಕು ಎಲ್ಲಿಂದ ಬಿದ್ರೂ ಏನೂ ಆಗಲ್ಲ' ಅಂತ ಹೇಳೋರು ಇದನ್ನೇ ಎತ್ತಿ ತೋರಿಸ್ತಾರೆ. ಆಸ್ಪತ್ರೆಗೆ ಬಂದವು ಮಾತ್ರ ಆ ಲೆಕ್ಕದಲ್ಲಿವೆ. ಬದುಕಿದ್ದು ಅನ್ನೋದಕ್ಕೂ ನಡೆದಿದ್ದು ಅನ್ನೋದಕ್ಕೂ ನಡುವೆ ಎಷ್ಟು ಟವೆಲ್ ಇದೆ ಅಂತ ಆ ಸಂಖ್ಯೆ ಹೇಳಲ್ಲ. ಬಾಲ್ಕನಿಗೆ ಪಾರಿವಾಳದ ನೆಟ್ ಹಾಕಿಸಿ. ಗಾಡಿಗಿಂತ ಅದು ಒಳ್ಳೆಯ ಪ್ರೀತಿ.

ಮುಂದಿನ ಸಲ ಅಂಥ ರೀಲ್ ಬಂದರೆ ಹಾರ್ಟ್ ಒತ್ತಿ, ತಪ್ಪಿಲ್ಲ. ಜೊತೆಗೆ ಮೂರು ಪ್ರಶ್ನೆ ಕೇಳಿ. ಈ ಬೆಕ್ಕಿನ ಉಚ್ಚೆ ತೆಗೆಯೋದು ಯಾರು? ಮಧ್ಯಾಹ್ನ 2ಕ್ಕೆ ಆ ಮನೆಯಲ್ಲಿ ಯಾರಿರ್ತಾರೆ? ಈ ವಿಡಿಯೋ ತೆಗೆದು ಎರಡು ವರ್ಷ ಆದಮೇಲೆ ಬೆಕ್ಕು ಎಲ್ಲಿದೆ? ಇದಕ್ಕೆ ಉತ್ತರ ಕೊಡೋ ಪೇಜ್ ಸಿಕ್ಕರೆ ಬಿಡಬೇಡಿ, ಫಾಲೋ ಮಾಡಿ. ಅದರ ವಿಡಿಯೋಗಳು ಬೋರ್ ಹೊಡೆಸ್ತವೆ, ಒಂದರ ಹಾಗೇ ಇನ್ನೊಂದಿರುತ್ತೆ. ಆ ಬೆಕ್ಕು ಚೆನ್ನಾಗಿದೆ ಅನ್ನೋದಕ್ಕೆ ಅದೇ ಗುರುತು.