ಸಪ್ತಾಹ ಮುಗಿದ ಮೇಲಿನ ತರಗತಿ

ಸಪ್ತಾಹಗಳು ನಮ್ಮ ಶಾಲೆಗಳಿಗೆ ಹೊಸವಲ್ಲ. ಭಿತ್ತಿಪತ್ರ, ಘೋಷಣೆ, ಒಂದು ಭಾಷಣ ಸ್ಪರ್ಧೆ. ಮುಂದಿನ ಸೋಮವಾರದಿಂದ ಎಲ್ಲ ಯಥಾಪ್ರಕಾರ. ಹಾಗಾಗಿ ಬ್ರಿಟನ್ನಿನಲ್ಲಿ ಸಿಯೆನಾ ಕ್ಯಾಸ್ಟೆಲಾನ್ ಎಂಬ ವಿದ್ಯಾರ್ಥಿನಿ 2018ರಲ್ಲಿ ಶುರುಮಾಡಿದ ‘ನ್ಯೂರೋಡೈವರ್ಸಿಟಿ ಸೆಲೆಬ್ರೇಷನ್ ವೀಕ್’ ಅನ್ನು ನಾನು ಸ್ವಲ್ಪ ಅನುಮಾನದಿಂದಲೇ ನೋಡತೊಡಗಿದ್ದು. ಆಟಿಸಂ, ಡಿಸ್ಲೆಕ್ಸಿಯಾ, ಚಲನೆಯ ಹೊಂದಾಣಿಕೆ ತಪ್ಪುವ ಡಿಸ್‌ಪ್ರಾಕ್ಸಿಯಾ, ಎಡಿಎಚ್‌ಡಿ ನಾಲ್ಕೂ ಇರುವ ಸಿಯೆನಾ ಶಾಲೆಯಲ್ಲಿ ಸಹಪಾಠಿಗಳ ಕಾಟ ಉಂಡವರು. ಹದಿಮೂರರ ವಯಸ್ಸಿಗೇ ತಮ್ಮಂಥ ಮಕ್ಕಳಿಗಾಗಿ ಜಾಲತಾಣವೊಂದನ್ನು ತೆರೆದಿದ್ದರು.

ಪ್ರತಿ ಮಾರ್ಚ್‌ನಲ್ಲಿ ನಡೆಯುವ ಈ ವಾರಕ್ಕೆ ಶಾಲೆಗಳು ಹೆಸರು ನೋಂದಾಯಿಸುತ್ತವೆ. ಪಾಠದ ಸಾಮಗ್ರಿ ಉಚಿತವಾಗಿ ಸಿಗುತ್ತದೆ. ಬೇರೆ ಥರ ಯೋಚಿಸುವ ಮಿದುಳನ್ನು ಕೆಟ್ಟುಹೋದ ಮಿದುಳು ಎಂದು ಎಣಿಸಬೇಡಿ ಎಂಬುದು ಅದರ ತಿರುಳು. ಇದರಲ್ಲಿ ನನಗೆ ಮುಖ್ಯವಾಗಿ ಕಂಡದ್ದು, ಮಾತಾಡುತ್ತಿರುವವರು ಯಾರು ಎಂಬುದು. ಇಂಥ ಮಕ್ಕಳ ಬಗ್ಗೆ ವೈದ್ಯರು ಮಾತಾಡುತ್ತಾರೆ, ಮನಶ್ಶಾಸ್ತ್ರಜ್ಞರು ಮಾತಾಡುತ್ತಾರೆ, ಅಪ್ಪ ಅಮ್ಮ ಅಳುತ್ತಾರೆ. ಇಲ್ಲಿ ಬೆಂಚಿನ ಮೇಲೆ ಕೂತಿದ್ದವರೇ ಎದ್ದು ನಿಂತಿದ್ದಾರೆ.

ಸಿಯೆನಾರ ನಿಜವಾದ ಕಸುವು ಕಾಣುವುದು 2020ರಲ್ಲಿ ಬಂದ ‘ದಿ ಸ್ಪೆಕ್ಟ್ರಮ್ ಗರ್ಲ್ಸ್ ಸರ್ವೈವಲ್ ಗೈಡ್’ ಪುಸ್ತಕದಲ್ಲಿ. ಸ್ವತಃ ಆಟಿಸಂ ಇರುವ ವಿಜ್ಞಾನಿ ಟೆಂಪಲ್ ಗ್ರಾಂಡಿನ್ ಮುನ್ನುಡಿ ಬರೆದಿರುವ ಇದು ಆಟಿಸಂ ಇರುವ ಹುಡುಗಿಯರಿಗಾಗಿ ಬರೆದದ್ದು. ಹುಡುಗಿಯರನ್ನೇ ಉದ್ದೇಶಿಸಿದ್ದಕ್ಕೆ ಕಾರಣವಿದೆ. ಅವರಲ್ಲಿ ಅನೇಕರು ಗೆಳತಿಯರ ಮಾತು, ನಗು, ನಿಲುವನ್ನು ನೋಡಿ ನೋಡಿ ಅನುಕರಿಸಿ ಎಲ್ಲರಂತೆ ಕಾಣುವುದನ್ನು ಕಲಿತುಬಿಡುತ್ತಾರೆ. ಶಾಲೆ ಬಿಡುವವರೆಗೂ ಹಲ್ಲು ಕಚ್ಚಿ ತಡೆದುಕೊಂಡ ಮಗು ಮನೆಯ ಹೊಸ್ತಿಲು ದಾಟಿದೊಡನೆ ಚೀಲ ಎಸೆದು ಚೀರುತ್ತದೆ. ‘ನಮ್ಮಲ್ಲಿ ಚೆನ್ನಾಗೇ ಇರ್ತಾಳಲ್ಲ’ ಎನ್ನುತ್ತಾರೆ ಟೀಚರ್. ತಪಾಸಣೆ ತಡವಾಗುವುದು ಹೀಗೆ.

ಸಪ್ತಾಹದ ಸಂಭ್ರಮದ ಭಾಷೆಯ ಬಗ್ಗೆ ಮಾತ್ರ ನನ್ನ ತಕರಾರಿದೆ. ಡಿಸ್ಲೆಕ್ಸಿಯಾ ಇದ್ದೂ ದೊಡ್ಡವರಾದವರ ಹೆಸರು, ‘ನಿನ್ನಲ್ಲೊಂದು ವಿಶೇಷ ಶಕ್ತಿ ಇದೆ’ ಎಂಬ ಧಾಟಿ. ಸಿಯೆನಾಗೆ ಗಣಿತ, ಭೌತವಿಜ್ಞಾನ ಒಲಿದಿದ್ದವು. ಅವರ ಬದುಕಿಗೆ ಆ ಮಾತು ಒಪ್ಪುತ್ತದೆ. ಮಾತೇ ಬಾರದ, ಯಾವ ಪ್ರತಿಭೆಯನ್ನೂ ತೋರದ, ಸದ್ದಿಗೆ ಬೆದರಿ ಕುರ್ಚಿ ತಳ್ಳುವ ಹುಡುಗನಿಗೆ? 2007ರ ಹಿಂದಿ ಸಿನಿಮಾ ‘ತಾರೆ ಜಮೀನ್ ಪರ್’ ಕೂಡ ಇಲ್ಲೇ ಎಡವಿತ್ತು. ಎಷ್ಟೇ ಕಣ್ಣು ಒದ್ದೆ ಮಾಡಿದರೂ, ಡಿಸ್ಲೆಕ್ಸಿಯಾ ಇರುವ ಅದರ ಬಾಲಕ ಇಶಾನ್ ಚಿತ್ರಕಲಾ ಸ್ಪರ್ಧೆಯಲ್ಲಿ ಗೆದ್ದೇ ಶಾಲೆಯ ಚಪ್ಪಾಳೆ ಗಿಟ್ಟಿಸಬೇಕಾಯಿತು. ಸೋತಿದ್ದರೂ ಅವನಿಗೆ ಆ ಶಾಲೆಯಲ್ಲಿ ಜಾಗವಿರಬೇಕಿತ್ತು.

ಅಂಥ ಜಾಗ ಕೊಡಿಸಲು ಬ್ರಿಟನ್ನಿನಲ್ಲಿ ಕಾನೂನಿಗೇನೂ ಬರವಿಲ್ಲ. 2010ರ ಸಮಾನತಾ ಕಾಯ್ದೆ ಶಾಲೆಗಳು ಸೂಕ್ತ ಹೊಂದಾಣಿಕೆ ಮಾಡಲೇಬೇಕೆನ್ನುತ್ತದೆ. ಇಂಗ್ಲೆಂಡಿನಲ್ಲಿ 2014ರ ಇನ್ನೊಂದು ಕಾಯ್ದೆಯಂತೆ ಹೆಚ್ಚಿನ ನೆರವು ಬೇಕಾದ ಮಗುವಿಗೆ ಪ್ರತ್ಯೇಕ ಯೋಜನೆಯನ್ನೇ ಬರೆದುಕೊಡಬೇಕು. ಅದಕ್ಕಾಗಿ ತಂದೆತಾಯಿ ನ್ಯಾಯಮಂಡಳಿಯ ಮೆಟ್ಟಿಲು ಹತ್ತುತ್ತಾರೆ, ಬಹುಪಾಲು ಗೆಲ್ಲುತ್ತಾರೆ. ಗೆಲ್ಲುವಷ್ಟು ನ್ಯಾಯವಿರುವ ಬೇಡಿಕೆಯನ್ನು ಮೊದಲೇ ಏಕೆ ನಿರಾಕರಿಸಿದರು ಎಂಬ ಪ್ರಶ್ನೆಗೆ ಭಿತ್ತಿಪತ್ರದಲ್ಲಿ ಉತ್ತರ ಸಿಗದು.

ನಮ್ಮಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳ ಪಟ್ಟಿಗೆ ಆಟಿಸಂ ಮತ್ತು ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ಸೇರಿಸಿತು. ಎಡಿಎಚ್‌ಡಿಗೆ ಅಲ್ಲಿ ಪ್ರತ್ಯೇಕ ಸ್ಥಾನವಿಲ್ಲ. ಕಲಿಕಾ ನ್ಯೂನತೆಯ ತಪಾಸಣೆಗೆ ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷೆಗಳು ಬಳಕೆಯಲ್ಲಿವೆ. ಪ್ರಮಾಣಪತ್ರ ಕೈಸೇರಿದರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ ಸಿಗುತ್ತದೆ, ಉತ್ತರ ಬರೆದುಕೊಡುವ ಸ್ಕ್ರೈಬ್ ಸಿಗುತ್ತಾರೆ. ಅಲ್ಲಿಯವರೆಗೆ ಬೋರ್ಡ್ ನೋಡಿ ನೋಟ್ಸ್ ಇಳಿಸಿಕೊಳ್ಳಲಾಗದ ಮಗು ‘ಸೋಮಾರಿ’ ಎನ್ನಿಸಿಕೊಂಡೇ ವರ್ಷಗಳನ್ನು ದೂಡುತ್ತದೆ.

ಸಪ್ತಾಹಕ್ಕೆ ಹೆಸರು ನೋಂದಾಯಿಸುವ ಶಾಲೆಗೆ ನಾನಾದರೆ ಒಂದು ಷರತ್ತು ಹಾಕುತ್ತಿದ್ದೆ: ಈ ವರ್ಷ ಬದಲಾಯಿಸಿದ ಒಂದಾದರೂ ಸಂಗತಿಯನ್ನು ಬರೆದು ಕೊಡಿ. ಗದ್ದಲ ತಾಳದ ಮಗುವನ್ನು ಬೆಲ್ಲಿಗೆ ಐದು ನಿಮಿಷ ಮೊದಲೇ ಹೊರಗೆ ಬಿಟ್ಟಿರಾ? ನಾಲ್ಕು ಸೂಚನೆಗಳನ್ನು ಒಂದೇ ಉಸಿರಿಗೆ ಹೇಳುವ ಬದಲು ಒಂದೊಂದಾಗಿ ಬೋರ್ಡಿನ ಮೇಲೆ ಬರೆದಿರಾ? ಮಿಣುಕುವ ಟ್ಯೂಬ್‌ಲೈಟ್ ಬದಲಿಸಿದಿರಾ? ಇವಕ್ಕೆ ದೊಡ್ಡ ಬಜೆಟ್ ಬೇಡ. ಬೇಕಿರುವುದು ಹೆಡ್‌ಮಾಸ್ತರರ ಒಂದು ಸಹಿ.