ಪ್ರೋಸೆಸ್‌ಗಳಿಗೆ ಲಗಾಮು: ಎಣಿಕೆ ಸರಿ, ಗುಂಪು ಸರಿಯೇ?

ಗಣಕದಲ್ಲಿ ಓಡುವ ಪ್ರತಿಯೊಂದು ಪ್ರೋಗ್ರಾಮೂ ಒಂದು ಅಥವಾ ಹಲವು ಪ್ರೋಸೆಸ್‌ಗಳಾಗಿ ನಡೆಯುತ್ತದೆ. ಲಿನಕ್ಸ್‌ನಲ್ಲಿ ಹೊಸ ಪ್ರೋಸೆಸ್ ಹುಟ್ಟುವುದು 'ಫೋರ್ಕ್' ಎಂಬ ಕರೆಯಿಂದ. ಆಗ ಇರುವ ಪ್ರೋಸೆಸ್ ತನ್ನದೇ ಒಂದು ಪ್ರತಿಯನ್ನು ಮಾಡುತ್ತದೆ. ಈ ಕರೆಯನ್ನು ಕೊನೆಯಿಲ್ಲದ ಲೂಪ್‌ನೊಳಗೆ ಇಟ್ಟರೆ ಏನಾದೀತು? ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ; ಹದಿನೈದನೆಯ ಸಲಕ್ಕೆ ಸಂಖ್ಯೆ 32,768. ಪ್ರೋಸೆಸ್‌ಗಳಿಗೆ ಕರ್ನೆಲ್ ಕೊಡುವ ಗುರುತಿನ ಸಂಖ್ಯೆಗೆ ಬಹುಕಾಲ ಇದ್ದ ರೂಢಿಯ ಗಡಿಯೂ ಇದೇ. ಅಲ್ಲಿಗೆ ಗಣಕ ಸ್ತಬ್ಧ! ಇದಕ್ಕೆ 'ಫೋರ್ಕ್ ಬಾಂಬ್' ಎಂದು ಹೆಸರು. ಕೆಡುಕಿನ ಉದ್ದೇಶವೇ ಬೇಕಿಲ್ಲ. ಕಲಿಯುವವರ ಸಣ್ಣ ತಪ್ಪೂ ಸಾಕು.

ಪ್ರೋಸೆಸ್‌ಗಳನ್ನು ಗುಂಪು ಮಾಡಿ, ಗುಂಪಿಗಿಷ್ಟು ಎಂದು ಸಂಪನ್ಮೂಲ ಹಂಚುವ 'ಸಿಗ್ರೂಪ್' ಏರ್ಪಾಡು 2008ರಲ್ಲಿ, 2.6.24ನೆಯ ಆವೃತ್ತಿಯಲ್ಲಿ, ಲಿನಕ್ಸ್ ಕರ್ನೆಲ್ ಸೇರಿತು. ಆದರೆ ಪ್ರೋಸೆಸ್‌ಗಳ ಎಣಿಕೆಗೆ ಮಿತಿ ಹಾಕುವ ಸೌಲಭ್ಯ ಬಂದದ್ದು 2015ರ ನವೆಂಬರಿನ 4.3ನೆಯ ಆವೃತ್ತಿಯಲ್ಲಿ. ಅದನ್ನು ಬರೆದವರು ಅಲೆಕ್ಸಾ ಸರಾಯ್. ಇಷ್ಟು ತಡವೇಕೆ? ಮೆಮೊರಿಗೆ ಮಿತಿ ಹಾಕಿದರೆ ಪ್ರೋಸೆಸ್‌ಗಳಿಗೂ ತಾನಾಗಿ ಮಿತಿ ಬೀಳುತ್ತದೆ ಎಂಬ ವಾದವಿತ್ತು. ಈ ವಾದ ನಿಲ್ಲುವುದಿಲ್ಲ. ಪಡಿತರ ಅಂಗಡಿಯಲ್ಲಿ ಅಕ್ಕಿ ಮೂಟೆಗಟ್ಟಲೆ ಇದ್ದರೂ ಟೋಕನ್ ಮುಗಿದರೆ ಸರದಿಯವರಿಗೆ ಏನೂ ಸಿಗದು. ಹಾಗೆಯೇ ಮೆಮೊರಿ ಸಾಕಷ್ಟು ಉಳಿದಿರುವಾಗಲೇ ಗುರುತಿನ ಸಂಖ್ಯೆಗಳು ಮುಗಿದುಹೋಗಬಹುದು. ಅದನ್ನೇ ಒಂದು ಪ್ರತ್ಯೇಕ ಸಂಪನ್ಮೂಲವೆಂದು ಎಣಿಸಿದ್ದು ಈ ವಿನ್ಯಾಸದ ದೊಡ್ಡ ಗುಣ.

ಇನ್ನು ಕೊರತೆಗಳು. ಮೊದಲನೆಯದು, ಮಿತಿ ಅನ್ವಯಿಸುವುದು ಹೊಸ ಹುಟ್ಟಿಗೆ ಮಾತ್ರ. ಈಗಾಗಲೇ ಇರುವ ಪ್ರೋಸೆಸ್‌ಗಳನ್ನು ಗುಂಪಿಗೆ ಸೇರಿಸಿದರೆ ಎಣಿಕೆ ಮಿತಿಯನ್ನು ಮೀರಬಹುದು. ಎರಡನೆಯದು, ಇಲ್ಲಿ ಲೆಕ್ಕವಾಗುವುದು ವೇಗವಲ್ಲ, ಆ ಕ್ಷಣದ ಸಂಖ್ಯೆ. ಹುಟ್ಟಿ ಸಾಯುತ್ತಲೇ ಇರುವ ಪ್ರೋಸೆಸ್‌ಗಳು ಮಿತಿಯೊಳಗಿದ್ದುಕೊಂಡೇ ಸಿಪಿಯುವನ್ನು ದಣಿಸಬಲ್ಲವು. ಅದಕ್ಕೆ ಬೇರೆ ನಿಯಂತ್ರಕ ಬೇಕು. ಮೂರನೆಯದು, ಥ್ರೆಡ್‌ಗಳೂ ಎಣಿಕೆಗೆ ಸೇರುತ್ತವೆ. ಒಂದೇ ಬ್ರೌಸರ್ ನೂರಾರು ಥ್ರೆಡ್ ತೆರೆಯಬಹುದಾದ್ದರಿಂದ ತೀರ ಸಣ್ಣ ಮಿತಿ ಪ್ರಾಮಾಣಿಕ ಕೆಲಸಕ್ಕೂ ಅಡ್ಡಿ. ಸೇವಾ ತಂತ್ರಾಂಶಗಳಿಗೆ ಮೊದಲು 512 ಎಂದು ಮಿತಿ ಇಟ್ಟಿದ್ದ ಸಿಸ್ಟಮ್‌ಡಿ, 2016ರಲ್ಲಿ ಅದನ್ನು ಒಟ್ಟು ಗಡಿಯ ಶೇ 15ಕ್ಕೆ ಬದಲಿಸಿತು.

ಆದರೆ ನಿಜವಾದ ಪ್ರಶ್ನೆ ಸಂಖ್ಯೆಯದಲ್ಲ, ಗುಂಪಿನದು. ಕುಂದಗೋಳ ತಾಲ್ಲೂಕಿನ ಸಂಶಿಯಂಥ ಊರಿನ ಶಾಲೆಯೊಂದರಲ್ಲಿ ಒಂದೇ ಗಣಕಕ್ಕೆ ನಾಲ್ಕು ಪರದೆ, ನಾಲ್ಕು ಕೀಲಿಮಣೆ ಜೋಡಿಸಿ ನಾಲ್ವರು ಕಲಿಯುತ್ತಿದ್ದಾರೆ ಎಂದುಕೊಳ್ಳಿ. ಸಿಸ್ಟಮ್‌ಡಿ ಗುಂಪು ಕಟ್ಟುವುದು ಬಳಕೆದಾರರ ಹೆಸರಿನ ಮೇಲೆ. ನಾಲ್ವರೂ 'ವಿದ್ಯಾರ್ಥಿ' ಎಂಬ ಒಂದೇ ಹೆಸರಿನಿಂದ ಒಳಬಂದರೆ ನಾಲ್ವರಿಗೂ ಒಂದೇ ಲಗಾಮು. ಒಬ್ಬಳ ತಪ್ಪಿಗೆ ಉಳಿದ ಮೂವರ ಪಾಠವೂ ನಿಲ್ಲುತ್ತದೆ. ಹೆಸರು ಬೇರೆ ಬೇರೆ ಕೊಟ್ಟರೂ ರೂಢಿಯ ಮಿತಿ ತಲೆಗೆ ಶೇ 33. ಮೂವರು ಒಟ್ಟಿಗೆ ಎಡವಿದರೆ ಶೇ 99 ಮುಗಿಯಿತು! ಒಬ್ಬರೇ ಬಳಸುವ ಗಣಕಕ್ಕೆ ಒಪ್ಪುವ ಈ ಅಂಕಿ ಹಂಚಿಕೊಂಡು ಬಳಸುವ ಗಣಕಕ್ಕೆ ಒಪ್ಪದು.

ಇನ್ನೊಂದು ತೊಡಕೂ ಇದೆ. ಮಿತಿ ಮುಟ್ಟಿದ ಗುಂಪಿನೊಳಗೆ ಕುಳಿತವರು ತಪ್ಪನ್ನು ತಿದ್ದಿಕೊಳ್ಳಲಾರರು. ಪ್ರೋಸೆಸ್‌ಗಳ ಪಟ್ಟಿ ನೋಡುವ ಆದೇಶವೂ ಹೊಸದೊಂದು ಪ್ರೋಸೆಸ್ ಅಲ್ಲವೇ? ಬಿಡಿಸುವವರು ಹೊರಗಿರಬೇಕು. ಇಡೀ ಗುಂಪನ್ನು ಒಮ್ಮೆಲೇ ಕೊನೆಗೊಳಿಸುವ ಸೌಲಭ್ಯ 2021ರ 5.14ನೆಯ ಆವೃತ್ತಿಯಲ್ಲಿ ಬಂದಿದೆ. ಅದನ್ನು ಬಳಸುವ ಅಧಿಕಾರ ಶಿಕ್ಷಕರ ಖಾತೆಗೆ ಇರಬೇಕು.

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಸೇರಿದಂತೆ ಕೇರಳದ ಶಾಲೆಗಳಲ್ಲಿ ಬಳಕೆಯಲ್ಲಿರುವ ಕೈಟ್ ಗ್ನು/ಲಿನಕ್ಸ್ ಉಬುಂಟುವನ್ನು ಆಧರಿಸಿದ್ದು. ಈ ಉಪಕರಣಗಳು ಅದರೊಳಗೂ ಇವೆ. ಹೊಸದಾಗಿ ಏನನ್ನೂ ಕೊಳ್ಳಬೇಕಿಲ್ಲ. ಪ್ರತಿ ವಿದ್ಯಾರ್ಥಿಗೂ ಬೇರೆ ಖಾತೆ, ಖಾತೆಗೆ ತಕ್ಕ ಮಿತಿ: ಇಷ್ಟು ಸಾಕು. ಶಿಕ್ಷಕರು ವರ್ಚುವಲ್ ಗಣಕವೊಂದರಲ್ಲಿ ಪುಟ್ಟ ಗುಂಪಿಗೆ 50ರ ಮಿತಿ ಹಾಕಿ, ಫೋರ್ಕ್ ಕರೆ ಸೋಲುವುದನ್ನು ಮಕ್ಕಳಿಗೆ ತೋರಿಸಲಿ. ಗಣಕ ಕೆಟ್ಟೀತೆಂಬ ಭಯದಿಂದ ಪ್ರಯೋಗವನ್ನೇ ನಿಷೇಧಿಸುವುದಕ್ಕಿಂತ, ತಪ್ಪು ಮಾಡಲು ಸುರಕ್ಷಿತ ಜಾಗವೊಂದನ್ನು ಕೊಡುವುದು ಮೇಲು.